ಮೆಟ್ಟಿಲ ಬಾವಿಯಲ್ಲಿ ಒಗೆದ ಕೌದಿ

ರಂಗಂಪೇಟೆಯ ಹಿರಿಯರು ನನ್ನ ತಾಯಿಯನ್ನು ಇಪ್ಪತ್ತೇಳು ದಿನ ಊರ ಹೊರಗಿಟ್ಟರು. ಓಣಿಗೆ ವಾಂತಿಭೇದಿ ತಂದವಳು ಅವಳೇ ಎಂದರು. ಅದು ಸುಳ್ಳೆಂದು ತಿಳಿದ ಮೇಲೂ ಒಬ್ಬರೂ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ನಿಜಾಮರ ಆಳ್ವಿಕೆ ಮುಗಿದ ಮೇಲಿನ ಎರಡನೆಯ ಬೇಸಿಗೆ ಅದು. ನಾನು ಒಂಬತ್ತು ವರ್ಷದ ಹುಡುಗಿ. ಗಲಭೆಯ ದಿನಗಳಲ್ಲಿ ಅನುಮಾನಪಡುವುದನ್ನು ಕಲಿತಿದ್ದ ಜನ ಅದನ್ನಿನ್ನೂ ಬಿಟ್ಟಿರಲಿಲ್ಲ. ಬೋನಾಳದ ಕಡೆಯಿಂದ ಆಡು ಹೊಡೆದುಕೊಂಡು ಬಂದು ನೆಲೆಸಿ ನಾಲ್ಕು ವರ್ಷವಾಗಿದ್ದರೂ ನಾವು ಹೊರಗಿನವರೇ. ತಾಯಿ ಆಡಿನ ಹಾಲನ್ನು ಕುಳ್ಳಿನ ಉರಿಯಲ್ಲಿ ಉಕ್ಕುವವರೆಗೆ ಕಾಯಿಸಿ ಮನೆಮನೆಗೆ ಹಾಕುತ್ತಿದ್ದಳು.

ಮೊದಲು ಬಿದ್ದವಳು ವ್ಯಾಪಾರಿಯೊಬ್ಬರ ಸೊಸೆ. ಯಾದಗಿರಿಯ ಮದುವೆಯಿಂದ ಬಂದವಳು ಒಂದೇ ದಿನದಲ್ಲಿ ತೀರಿಕೊಂಡಳು. ಸತ್ತವರು ಹೊದ್ದಿದ್ದ ಕೌದಿಯನ್ನು, ಅವರು ಕೊನೆಯ ಸಲ ನೀರು ತಂದ ಬಾವಿಯಲ್ಲೇ ಒಗೆಯಬೇಕೆಂಬುದು ಆ ಮನೆಯ ಕಟ್ಟಳೆ. ಮೂರನೆಯ ದಿನ ಆ ಮನೆಯ ಇಬ್ಬರು ಹೆಂಗಸರು ಮೆಟ್ಟಿಲ ಬಾವಿಯ ಕೊನೆಯ ಮೆಟ್ಟಿಲಲ್ಲಿ ಕುಳಿತು ಅದನ್ನು ಅದ್ದಿ ಅದ್ದಿ ಒಗೆದರು. ಕೊಡ ಹೊತ್ತು ಇಳಿದಿದ್ದ ತಾಯಿ, ನನ್ನ ಎದುರಿಗೇ, ಹೇಳಿದಳು:

"ಅಕ್ಕಾರ, ಕುಡಿಯೋ ನೀರಾಗ ಬ್ಯಾನಿಯವರ ಕೌದಿ ಒಗಿಬ್ಯಾಡ್ರಿ."

"ಆಡಿನ ಹಿಕ್ಕಿ ತುಳಿಯೋಕಿ, ನಮಗ ಮಡಿ ಕಲಿಸಾಕ ಬಂದೀಯೇನು?" ಎಂದಳು ಹಿರಿಯವಳು.

ತಾಯಿ ಖಾಲಿ ಕೊಡದೊಂದಿಗೆ ಮೇಲೆ ಬಂದಳು. ಅಂದಿನಿಂದ ಹಳ್ಳದ ಮರಳಿನಲ್ಲಿ ಗುಂಡಿ ತೋಡಿ, ಒಸರಿದ ನೀರನ್ನು ತುಂಬಿ ತಂದಳು.

ವಾರದೊಳಗೆ ಆ ಬಾವಿಯ ಸುತ್ತಲ ಮನೆಗಳಲ್ಲಿ ವಾಂತಿ, ಭೇದಿ, ಸಾವು. ಹಿರಿಯರು ಕಟ್ಟೆಯ ಮೇಲೆ ಸೇರಿ ತಾಯಿಯನ್ನು ಕರೆಸಿದರು. ಸೊಸೆಯನ್ನು ಕಳೆದುಕೊಂಡ ವ್ಯಾಪಾರಿಯೂ ಅಲ್ಲಿದ್ದರು.

"ಬ್ಯಾನಿ ಹೊಕ್ಕಿದ್ದು ನೀ ಹಾಲು ಹಾಕೋ ಮನಿಗೋಳಿಗೇ ನೋಡು," ಎಂದರು ಒಬ್ಬರು.

"ಅದೇ ಹಾಲು ನನ್ನ ಮಗಳೂ ಕುಡದಾಳ್ರಿ ಅಣ್ಣಾರ. ಅಕಿಗೇನಾಗ್ಯಾದ?"

"ಅದನ್ನೇ ಕೇಳಾಕತ್ತೀವಿ. ನಿಮಗ್ಯಾಕ ಏನೂ ಆಗಿಲ್ಲ? ನೀ ಯಾಕ ಬಾವಿ ನೀರು ಬಿಟ್ಟಿ? ಮೊದಲೇ ಗೊತ್ತಿತ್ತೇನು?"

ತಾಯಿ ಕೌದಿಯ ಮಾತೆತ್ತಿದಳು. ವ್ಯಾಪಾರಿ ರುಮಾಲು ಸರಿಪಡಿಸಿಕೊಂಡರು. ಬೇರೊಬ್ಬರು, "ಆಡು ಕಾದು ಕಾದು ಡಾಕ್ಟರಾಗ್ಯಾಳ್ರಿ!" ಎಂದರು. ಅಷ್ಟು ಸಾವುಗಳ ನಡುವೆಯೂ ಕಟ್ಟೆಯ ಮೇಲೆ ನಗು ಎದ್ದಿತು. ಯಾರು ಯಾರು ನಕ್ಕರೆಂಬುದು ನನಗೆ ಈಗಲೂ ನೆನಪಿದೆ. ಸಂಜೆಯೊಳಗೆ ಆಡುಗಳೊಂದಿಗೆ ಹಳ್ಳದಾಚೆ ಹೋಗಬೇಕೆಂದು ತೀರ್ಪಾಯಿತು. ಹಾಲಿನ ತಂಬಿಗೆಯನ್ನು ನಮ್ಮೆದುರೇ ತಿಪ್ಪೆಗೆ ಎಸೆದರು.

ನಾವು ಹೋದ ಮೇಲೂ ಜನ ಸಾಯುತ್ತಲೇ ಇದ್ದರು. ಕೊನೆಗೆ ಹೊಸ ಸರ್ಕಾರದ ಆರೋಗ್ಯ ಇಲಾಖೆಯವರೊಬ್ಬರು ಬಂದರು. ಅವರು ಮನೆಮನೆಗೆ ಹೋಗಿ, ಮೊದಲು ಬಿದ್ದವರು ಯಾರು, ಕುಡಿಯುವ ನೀರು ಎಲ್ಲಿಯದು ಎಂದಷ್ಟೇ ಕೇಳಿದರು. ಊರಾಚೆಯ ಸೇದುವ ಬಾವಿಯ ನೀರು ಕುಡಿದವರಲ್ಲಿ ಒಬ್ಬರಿಗೂ ಬೇನೆ ಇರಲಿಲ್ಲ, ನಮ್ಮ ಹಾಲು ಕೊಂಡವರು ಅವರಲ್ಲೂ ಇದ್ದರು. ಹಳ್ಳದಾಚೆ ಬಂದು ತಾಯಿಯ ಮಾತನ್ನು ಪೂರ್ತಿ ಕೇಳಿದವರು ಅವರೊಬ್ಬರೇ. ರೋಗಿಯ ಮಲ, ವಾಂತಿಗಳಲ್ಲಿ ಕಣ್ಣಿಗೆ ಕಾಣದ ಜೀವಿಗಳಿರುತ್ತವೆ, ಅವು ಬಟ್ಟೆಯಿಂದ ನೀರಿಗೆ, ನೀರಿನಿಂದ ಬಾಯಿಗೆ, ಹೊಟ್ಟೆಯಲ್ಲಿ ಲಕ್ಷಗಟ್ಟಲೆ ಹೆಚ್ಚಿ ಮತ್ತೆ ಹೊರಕ್ಕೆ ಬರುತ್ತವೆ, ಕುದಿಸಿದರೆ ಸಾಯುತ್ತವೆ ಎಂದು ಅವರು ಕಟ್ಟೆಯ ಮೇಲೆಯೇ ನಿಂತು ವಿವರಿಸಿದರು. ಬಾವಿಗೆ ನೀರು ಶುದ್ಧಮಾಡುವ ಕೆಂಪು ಪುಡಿ ಸುರಿಸಿ, ಯಾರೂ ಇಳಿಯದಂತೆ ಮೆಟ್ಟಿಲಿಗೆ ಮುಳ್ಳು ಹಚ್ಚಿಸಿದರು. ಬೇನೆ ನಿಂತಿತು.

ನಿಂತದ್ದು ನಮ್ಮನ್ನು ಹೊರಹಾಕಿದ್ದರಿಂದ ಎಂದರು ಹಿರಿಯರು! ಮರಳಿ ಬರಬಹುದು, ಆದರೆ ಹಾಲು ಮಾರಕೂಡದು ಎಂದು ಹೇಳಿಕಳಿಸಿದರು. ತಾಯಿ ಆ ಓಣಿಗೆ ಮತ್ತೆ ಕಾಲಿಡಲಿಲ್ಲ. ನಾವು ಶಹಾಪುರಕ್ಕೆ ಹೋದೆವು. ಅವಳು ಸಾಯುವವರೆಗೂ ರಂಗಂಪೇಟೆಯಲ್ಲಿ ಅವಳ ಹೆಸರು 'ಬ್ಯಾನಿ ತಂದಾಕಿ' ಎಂದೇ ಉಳಿಯಿತು.

ಅಂದು ಕಟ್ಟೆಯ ಮೇಲೆ ಕುಳಿತಿದ್ದವರೇ, ನಿಮ್ಮಲ್ಲಿ ಇನ್ನೂ ಕೆಲವರು ಬದುಕಿದ್ದೀರಿ. ಕೌದಿ ಯಾರ ಮನೆಯದು, ಎಲ್ಲಿ ಒಗೆದರು ಎಂಬುದು ನಿಮಗೆ ಗೊತ್ತಿತ್ತು. ನನ್ನ ತಾಯಿಯನ್ನು ಊರಾಚೆ ಕಳಿಸುವಾಗ ನೀವು ಹೆದರಿದ್ದು ಬೇನೆಗೋ, ಕಂಡದ್ದನ್ನು ಹೇಳಿದ ಅವಳ ಬಾಯಿಗೋ?