ಹಾಕಿಸಬಾರದಿದ್ದ ಆಣೆ

ನಮ್ಮ ಹೈಸ್ಕೂಲಿನಲ್ಲಿ ಹಿಂದಿ ಕಲಿಸುತ್ತಿದ್ದ ಅಕ್ಕೋರ ಪಾದಗಳು ಬಹಳ ದೊಡ್ಡವು. ಹೆಣ್ಣುಮಕ್ಕಳ ಚಪ್ಪಲಿಯಲ್ಲಿ ಅವರ ಅಳತೆಯದು ವಿಜಯಪುರದ ಪೇಟೆಯಲ್ಲೂ ಸಿಗದೆ, ಗಂಡಸರ ಕರಿ ಚಪ್ಪಲಿ ಮೆಟ್ಟಿಕೊಂಡೇ ಶಾಲೆಗೆ ಬರುತ್ತಿದ್ದರು. ವರಾಂಡದಲ್ಲಿ ಆ ಸಪ್ಪಳ ಕೇಳಿದರೆ ಹೆಡ್ ಮಾಸ್ತರು ಬಂದರೆಂದು ಹುಡುಗರು ಗಪ್ಪಾಗುತ್ತಿದ್ದರು. ಅಕ್ಕೋರು ಬಾಗಿಲಲ್ಲಿ ನಿಂತು, "ಹೆದರಬ್ಯಾಡ್ರಲೇ, ಚಪ್ಪಲಿ ಅಷ್ಟ ಗಂಡಸರದು" ಎಂದು ಮೈಯೆಲ್ಲ ಅಲುಗಿಸಿ ನಗುತ್ತಿದ್ದರು.

ಇಷ್ಟನ್ನು ಯಾರ ಮುಂದೆ ಬೇಕಾದರೂ ಹೇಳಿ ನಾನೂ ನಕ್ಕಿದ್ದೇನೆ. ಮುಂದಿನದನ್ನು ಮಾತ್ರ ಇವತ್ತು ಬೇಡ, ಇನ್ನೊಮ್ಮೆ ಎಂದು ದೂಡುತ್ತ ಬಂದೆ. ಇನ್ನು ದೂಡುವ ವಯಸ್ಸಲ್ಲ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಟಿಕೋಟಾ ಕಡೆ ದ್ರಾಕ್ಷಿ ತೋಟ, ರಸ್ತೆ ಬದಿಗೆ ಒಂದು ಗೊಬ್ಬರದ ಅಂಗಡಿ. ಮಂದಿ ನನ್ನ ಮಾತು ಕೇಳುತ್ತಾರೆಂದು ಹೈಸ್ಕೂಲಿನ ಕಮಿಟಿಗೂ ನನ್ನನ್ನು ಸೇರಿಸಿಕೊಂಡಿದ್ದರು. ಮೊಮ್ಮಗಳು ಆಗ ಅದೇ ಶಾಲೆಯಲ್ಲಿ ಒಂಬತ್ತನೆಯ ಇಯತ್ತೆ.

ಅಕ್ಕೋರು ವಿಜಯಪುರದ ಇಬ್ರಾಹಿಂಪುರದಿಂದ ದಿನಾ ಬಸ್ಸಿಗೆ ಬರುತ್ತಿದ್ದರು. ಪರ್ಸಿನಲ್ಲಿ ಯಾವಾಗಲೂ ಪುಟಾಣಿ ಕಾಳು. ಯಾವುದಾದರೂ ಕೂಸು ಮಂಕಾಗಿ ಕಂಡರೆ ಸ್ಟಾಫ್ ರೂಮಿಗೆ ಕರೆಸುತ್ತಿರಲಿಲ್ಲ. "ಅಲ್ಲಿ ಕರದ್ರ ಕೂಸಿನಕಿಂತ ಮೊದಲ ಸುದ್ದಿ ಮನಿ ಮುಟ್ಟತೈತಿ" ಎನ್ನುತ್ತಿದ್ದರು. ಕಾಪಿ ಪುಸ್ತಕಗಳ ಗಂಟು ಹಿಡಿಸಿಕೊಂಡು ಬೇವಿನ ಗಿಡದ ತನಕ ನಡೆಸುತ್ತಿದ್ದರು. ಅಲ್ಲಿ ನೆಲದ ಮೇಲೆ ಇಬ್ಬರೂ ಕೂತು ಪುಟಾಣಿ ತಿನ್ನುತ್ತಿದ್ದರು. ಅಷ್ಟು ಹೊತ್ತು ಏನು ಬುದ್ಧಿ ಹೇಳಿದಿರಿ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಬುದ್ಧಿ ಹೇಳಾಕ ಇಡೀ ಊರ ಐತಲ್ರಿ ಅಜ್ಜಾರ. ಕೇಳಾಕ ಯಾರರ ಬೇಕಲ್ಲ" ಎಂದಿದ್ದರು.

ಆ ವರ್ಷ ಮೊಮ್ಮಗಳು ಮಾತು ಕಡಿಮೆ ಮಾಡಿದಳು. ತಾಟಿನ ಮುಂದೆ ಕೂತು ಎದ್ದುಬಿಡುತ್ತಿದ್ದಳು. ವಯಸ್ಸಿಗೆ ಬಂದ ಹುಡುಗಿ, ಹಂಗೇ ಇರುತ್ತದೆ ಎಂದೆ ನಾನು. ಶಾಲೆಯಲ್ಲಿ ಅವಳು ತನ್ನ ಬಣ್ಣದ ಪೆನ್ಸಿಲ್ಲು, ಬಳೆ, ಹೊಸ ಕಂಪಾಸು ಎಲ್ಲವನ್ನೂ ಗೆಳತಿಯರಿಗೆ ಹಂಚತೊಡಗಿದ್ದಳಂತೆ. ಕೈ ದೊಡ್ಡದು ಎಂದು ಉಳಿದವರು ಹೊಗಳಿದರು. ಅಕ್ಕೋರು ಹೊಗಳಲಿಲ್ಲ. ಬೇವಿನ ಗಿಡದ ಕೆಳಗೆ ಕೂಡಿಸಿಕೊಂಡು ನೇರವಾಗಿ ಕೇಳಿದರು.

ಅದೇ ಮಧ್ಯಾಹ್ನ ಅವಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಖುರ್ಚಿ ಕೊಟ್ಟರೂ ಕೂಡಲಿಲ್ಲ, ಅವಳ ಮಗ್ಗುಲಲ್ಲಿ ಚಾಪೆಯ ಮೇಲೆ ಕೂತರು.

"ಅಜ್ಜಾರ, ಸಾಯಬೇಕು ಅನಸ್ತೈತೇನವಾ ಅಂತ ನಾನ ಕೇಳಿದೆ. ಹೌದು ಅಂದ್ಲು. ಮನ್ಯಾಗ ಹೇಳ್ತೀನಿ ಅಂತ ಆಕಿಗೆ ಹೇಳೇ ಬಂದೀನಿ. ಬೈಬ್ಯಾಡ್ರಿ. ಒಬ್ಬಾಕಿನ್ನ ಬಿಡಬ್ಯಾಡ್ರಿ. ತ್ವಾಟದ ಔಷಧ ಮನ್ಯಾಗಿದ್ರ ಹೊರಗ ಒಯ್ದು ಕೀಲಿ ಹಾಕ್ರಿ. ನಾಳಿಗೆ ವಿಜಯಪುರದಾಗ ಡಾಕ್ಟರಿಗೆ ತೋರಸೂಣು. ನಾನೂ ಬರ್ತೀನಿ."

ಸೊಸೆ ಬಾಯಿಗೆ ಸೆರಗು ಒತ್ತಿಕೊಂಡಳು. ನನಗೆ ಸಿಟ್ಟು ನೆತ್ತಿಗೇರಿತು.

"ಸಾಯೂ ಮಾತು ಕೂಸಿನ ತಲ್ಯಾಗ ನೀವ ತುಂಬಿ, ಈಗ ಹುಚ್ಚರ ಡಾಕ್ಟರ ಕಡೆ ಒಯ್ರಿ ಅಂತೀರೇನು? ನಾಳಿಗೆ ಇಕಿನ್ನ ಯಾರ ಮಾಡ್ಕೋತಾರ?"

"ಮೊದಲ ಕೂಸು ಇರಬೇಕಲ್ರಿ ಅಜ್ಜಾರ. ಆಮ್ಯಾಲ ಲಗ್ನ."

ನಾನು ಎದ್ದು ಮೊಮ್ಮಗಳ ರಟ್ಟೆ ಹಿಡಿದು ದೇವರ ಜಗಲಿಯ ಮುಂದೆ ನಿಲ್ಲಿಸಿದೆ. ಸೊಸೆಯನ್ನು ಕರೆದು, ಅವಳ ತಲೆಯ ಮೇಲೆ ಕೂಸಿನ ಕೈ ಇಡಿಸಿದೆ. "ಅವ್ವನ ಆಣಿ ಮಾಡು. ಇಂಥಾ ವಿಚಾರ ಮಾಡೂದಿಲ್ಲ, ಬಾಯಾಗ ತರೂದಿಲ್ಲ ಅನ್ನು." ಅವಳು ಅಂದಳು. ತಾಯಿಯ ಮೇಲೆ ಆಣೆಯಾದ ಮೇಲೆ ಇನ್ನೇನಿದೆ, ಮುಗಿಯಿತು ಎಂದುಕೊಂಡೆ.

ಅಕ್ಕೋರು ಹೊಸ್ತಿಲಲ್ಲಿ ನಿಂತು ಹೇಳಿದರು: "ತಪ್ಪು ಮಾಡಿದ್ರಿ. ಮತ್ತ ಹಂಗ ಅನಿಸಿದ್ರ ಈ ಕೂಸು ಯಾರ ಮುಂದ ಹೇಳಬೇಕ್ರಿ? ಹೇಳಿದ್ರ ಅವ್ವ ಸಾಯ್ತಾಳ, ಹೇಳದಿದ್ರ ತಾನು."

ಆ ಮಾತು ನನ್ನ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಸೊಸೆ ಮಾತ್ರ ನನಗೆ ತಿಳಿಸದೆ, ಮನೆಯಲ್ಲಿದ್ದ ಔಷಧವನ್ನೆಲ್ಲ ಗಂಡನ ಕೈಯಲ್ಲಿ ಅಂಗಡಿಗೆ ಕಳಿಸಿ ಕೀಲಿ ಹಾಕಿಸಿದಳು.

ನಾನು ಮಾಡಿದ್ದು ಬೇರೆ. ಮಕ್ಕಳಿಗೆ ಸಾವಿನ ಮಾತು ಕಲಿಸುವ ಅಕ್ಕೋರು ನಮಗೆ ಬೇಡವೆಂದು ಕಮಿಟಿಯಲ್ಲಿ ಎತ್ತಿದೆ. ಕಂಡವರನ್ನೆಲ್ಲ ಕಂಡು, ಬಿಡದೆ ಬೆನ್ನುಹತ್ತಿದೆ. ಅವರನ್ನು ಬಬಲೇಶ್ವರ ಕಡೆಯ ಒಂದು ಶಾಲೆಗೆ ಹಾಕಿದರು. ಹಾಸಿಗೆ ಹಿಡಿದ ತಾಯಿ ಅವರ ಮನೆಯಲ್ಲಿದ್ದದ್ದು ನನಗೆ ಗೊತ್ತಿತ್ತು. ಟಿಕೋಟಾದ ಬಸ್ಸಾದರೆ ಮುದುಕಿಗೆ ಉಣಿಸಿ ಬರಲು ಹೊತ್ತು ಸಿಗುತ್ತದೆಂದೇ ಅವರು ಆ ಶಾಲೆ ಕೇಳಿ ಪಡೆದದ್ದೂ ಗೊತ್ತಿತ್ತು.

ಹೋಗುವ ದಿನ ಗೇಟಿನಲ್ಲಿ ಹುಡುಗಿಯರೆಲ್ಲ ಸುತ್ತ ನಿಂತು ಅಳುತ್ತಿದ್ದರು. ನಾನೂ ಅಲ್ಲೇ ಇದ್ದೆ, ಹೋದರೋ ಇಲ್ಲವೋ ನೋಡಲು. ನನ್ನೆದುರಿಗೇ ಅವರು ಮೊಮ್ಮಗಳ ಗದ್ದ ಹಿಡಿದೆತ್ತಿ, "ಆಣಿ ಮುರದ ಪಾಪ ನನಗಿರಲಿ. ಅನಿಸಿದ್ದನ್ನ ಹೇಳು. ಇಲ್ಲಿ ಗಣಿತ ಸರ್‌ಗೆ ಹೇಳೀನಿ, ಅವರು ಕೇಳ್ತಾರ. ಆಗಲಿಲ್ಲಂದ್ರ ನನ್ನ ಕಡೆ ಬಾ" ಎಂದರು. ಆ ಗಣಿತದ ಸರ್‌ಗೆ, ನನ್ನ ಮೊಮ್ಮಗಳ ಗೊಡವೆ ಬೇಡವೆಂದು ಅವತ್ತೇ ತಾಕೀತು ಮಾಡಿದೆ.

ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಒಂದು ದಿನ ಮೊಮ್ಮಗಳು ಶಾಲೆಗೆಂದು ಹೋದವಳು ಶಾಲೆಯಲ್ಲಿರಲಿಲ್ಲ. ಬಾವಿ, ತೋಟ, ಬಸ್ ಸ್ಟ್ಯಾಂಡು ಎಂದು ಎಲ್ಲರೂ ಓಡಾಡಿದೆವು. ಆಗ ಫೋನು ಬಂತು.

"ಅಜ್ಜಾರ, ಕೂಸು ನನ್ನ ಹಂತ್ಯಾಕ ಐತ್ರಿ. ಎರಡು ಬಸ್ ಹತ್ತಿ ಬಂದಾಳ. ಆರಾಮ ಅದಾಳ, ಅವಲಕ್ಕಿ ತಿನ್ನಾಕತ್ತಾಳ. ಬೈಬ್ಯಾಡ್ರಿ. ಬರ್ರಿ."

ಅವತ್ತೇ ಎಲ್ಲರೂ ಕೂಡಿ ವಿಜಯಪುರದಲ್ಲಿ ಡಾಕ್ಟರಿಗೆ ತೋರಿಸಿದೆವು. ಮೊಮ್ಮಗಳು ಒಳಗೆ, ಮಗ ಸೊಸೆ ಅವಳ ಜೊತೆ. ಹೊರಗೆ ಬೆಂಚಿನ ಮೇಲೆ ಅಕ್ಕೋರು, ನಾನು. ತಪ್ಪಾಯಿತು ಎನ್ನಲು ಅದಕ್ಕಿಂತ ಒಳ್ಳೆಯ ಜಾಗ ದೇವರು ಕೊಡಲಾರ. ನಾನು ಗಂಟಲು ಸರಿಮಾಡಿಕೊಂಡು, "ಊಟ ಆತೇನ್ರಿ?" ಎಂದೆ. "ಹೂಂರಿ, ಆತು" ಎಂದರು. ಆಗಿರಲಿಲ್ಲವೆಂಬುದು ಮುಖ ನೋಡಿದರೆ ತಿಳಿಯುತ್ತಿತ್ತು.

ಮೊಮ್ಮಗಳು ಒಮ್ಮೆಗೇ ಸರಿಹೋಗಲಿಲ್ಲ. ಗುಳಿಗೆ, ಮಾತು, ಒಳ್ಳೆಯ ದಿನ, ಕೆಟ್ಟ ದಿನ. ಅಕ್ಕೋರು ವಾರಕ್ಕೊಮ್ಮೆ ತಪ್ಪದೆ ಅವಳಿಗೆ ಫೋನು ಮಾಡುತ್ತಿದ್ದರು. ಈಗ ಅವಳು ವಿಜಯಪುರದಲ್ಲಿ ಕಾಲೇಜಿಗೆ ಹೋಗುತ್ತಾಳೆ, ನನ್ನ ಗೊರಕೆಯನ್ನು ಅಣಕಿಸುತ್ತಾಳೆ.

ಮೊನ್ನೆ ಮಳೆಗಾಲದಲ್ಲಿ ಅಕ್ಕೋರು ತೀರಿಕೊಂಡರು. ಹೃದಯದ ಕಾಯಿಲೆಯಂತೆ. ಮಣ್ಣಿಗೆ ಎಲ್ಲರೂ ಹೋಗಿದ್ದೆವು. ನಾನು ಹಿಂದೆಯೇ ನಿಂತೆ.

ಮನೆಗೆ ಬಂದ ಮೇಲೆ ಮೊಮ್ಮಗಳು ಉಣ್ಣಲಿಲ್ಲ. ಮರುದಿನವೂ ಗೋಡೆಗೆ ಮುಖ ಮಾಡಿ ಕೂತಳು. ನಾನು ಮಂಡಿ ಹಿಡಿದುಕೊಂಡು ಅವಳ ಪಕ್ಕದಲ್ಲಿ ನೆಲಕ್ಕೆ ಕೂತೆ. ಆಗ ಅಂದಳು:

"ಆಣಿ ಮುರದಾಕಿ ನಾನು. ಪಾಪ ಅವರು ತಗೊಂಡಿದ್ರು. ಅದಕ್ಕ ಹ್ವಾದ್ರು ಅಜ್ಜಾ."

ನನ್ನ ಆಣೆ ಇನ್ನೂ ಆ ಕೂಸಿನ ಕೊರಳಲ್ಲೇ ಇತ್ತು.

"ಅಲ್ಲವಾ. ಅವರಿಗೆ ಬಂದಿದ್ದು ಜಡ್ಡು. ಪಾಪ ಅಂತ ಇದ್ರ ಆಣಿ ಹಾಕಿಸಿದವಂದು, ನಂದು. ನಿಮ್ಮವ್ವ ನೋಡು, ಅಡಗಿಮನ್ಯಾಗ ನನ್ನ ಬೈಯಾಕತ್ತಾಳ, ಆಕಿಗೇನಾಗೈತಿ? ನಾ ತಪ್ಪು ಮಾಡಿದೆ, ತಂಗೀ."

ಅವಳು ತಿರುಗಿ ನೋಡಿದಳು. ಆಮೇಲೆ ನಾನು ಕೇಳಬೇಕಾದದ್ದನ್ನು ಕೇಳಿದೆ.

"ಮತ್ತ ಸಾಯಬೇಕು ಅನಸ್ತೈತೇನವಾ?"

"ಮೊದಲಿನಂಗಿಲ್ಲ ಅಜ್ಜಾ. ಆದ್ರ ಹೆದರಿಕಿ ಆಗೇತಿ."

"ಡಾಕ್ಟರ ಕಡೆ ಹೋಗೂಣೇನು?"

"ಹೂಂ. ನೀನೂ ಬಾ."

ಹೋಗಿ ಬಂದೆವು. ಈಗಲೂ ಹೋಗುತ್ತೇವೆ. ಮೊಮ್ಮಗಳಿಗೆ ತಪ್ಪಾಯಿತು ಎಂದೆ. ಮಗ ಸೊಸೆಗೂ ಅಂದೆ, ಗಣಿತದ ಸರ್ ಮನೆಗೆ ಹೋಗಿ ಅವರಿಗೂ ಅಂದೆ. ಒಬ್ಬರಿಗೆ ಮಾತ್ರ ಅನ್ನದೆ ಉಳಿಸಿಕೊಂಡೆ. ಹಿಂದಿ ಅಕ್ಕೋರಿಗೆ.