ಎಡಗಡೆಯ ಬಟನ್

ಅಪ್ಪನ ಎಡಗೈಯ ನಾಲ್ಕು ಬೆರಳು ತಿಂದ ಕಾರ್ಖಾನೆ ಈಗ ಚಿತ್ರಕಾರರ ಸ್ಟುಡಿಯೋ ಆಗಿದೆ. ಅಣ್ಣಾ ನಗರದಿಂದ ಸ್ವಲ್ಪ ಆಚೆ. ಮಾಡು ಹಳೆಯದೇ, ಒಳಗೆ ಬಿಳಿ ಗೋಡೆ, ಕಾಫಿ, ಕ್ಯಾನ್ವಾಸು. ಉದ್ಘಾಟನೆಗೆ ಹಳೆಯ ಕೆಲಸಗಾರರನ್ನೂ ಕರೆದಿದ್ದರು. ಅಪ್ಪ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೊರಟಾಗ ನನಗೆ ಮೈಯೆಲ್ಲ ಉರಿಯಿತು. ಬೆರಳು ಕಿತ್ತುಕೊಂಡವರ ಮನೆಗೆ ಯಾರಾದರೂ ನೆಂಟರ ಹಾಗೆ ಹೋಗುತ್ತಾರೆಯೇ? ಆದರೂ ಜೊತೆಗೆ ಹೋದೆ. ಆ ಯಂತ್ರವನ್ನು ಒಮ್ಮೆ ಕಣ್ಣಾರೆ ನೋಡಬೇಕಿತ್ತು.

ಅಲ್ಲಿ ತಗಡು ಒತ್ತಿ ಡಬ್ಬಿಯ ಮುಚ್ಚಳ ಮಾಡುತ್ತಿದ್ದರು. ಪ್ರೆಸ್ಸಿಗೆ ಎರಡು ಬಟನ್. ಎರಡನ್ನೂ ಎರಡು ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಇಳಿಯಬೇಕು; ಆಗ ಕೈ ಅಚ್ಚಿನ ಕೆಳಗಿರಲು ಸಾಧ್ಯವೇ ಇಲ್ಲ. ಹಾಗಿದ್ದೂ ಅಪ್ಪನ ಕೈ ಜಜ್ಜಿಹೋಯಿತು. ಅವನು ಮತ್ತೆ ಆ ಗೇಟು ದಾಟಲಿಲ್ಲ. “ಮಿಷನ್ನು ತಾನಾಗೇ ಇಳೀತು” ಎಂದೇ ಮೂವತ್ತು ವರ್ಷ ಹೇಳಿದ. ನಾನು ನಂಬಿದ್ದೆ. ಆ ಕಬ್ಬಿಣವನ್ನು ಕನಸಿನಲ್ಲೂ ಸುತ್ತಿಗೆಯಿಂದ ಬಡಿದಿದ್ದೇನೆ.

ಆಗಿನದೇ ಇನ್ನೊಂದು ಏಟು ನನಗೆ ನೆನಪಿದೆ. ಬೆರಳು ಹೋಗುವ ಹಿಂದಿನ ವಾರ ನನ್ನ ಮರದ ಸ್ಕೇಲು ಕಾಣೆಯಾಗಿತ್ತು. ಅದರ ತುದಿಗೆ ಕಂಪಾಸಿನ ಮುಳ್ಳಿನಿಂದ ನಕ್ಷತ್ರ ಕೆತ್ತಿಕೊಂಡಿದ್ದೆ. ಕಳೆದುಬಿಟ್ಟೆಯಾ ಎಂದು ಅಮ್ಮ ಸೌಟಿನಿಂದ ಬಾರಿಸಿದಳು. ತೋಳಿನ ತುಂಬ ಬಾಸುಂಡೆ. ವೆಸ್ಟ್ ಮಾಂಬಲಂನ ಆ ಒಂದೇ ಕೋಣೆಯಲ್ಲಿ ಅಪ್ಪ ಪೇಪರ್ ಓದುತ್ತ ಕೂತಿದ್ದ. ಬಿಡಿಸಲಿಲ್ಲ.

ಸ್ಟುಡಿಯೋದವರು ಪ್ರೆಸ್ಸನ್ನು ಎಣ್ಣೆಜಿಡ್ಡಿನ ಸಮೇತ ಹಾಗೇ ಉಳಿಸಿ, ಮೇಲೊಂದು ದೀಪ ಹಾಕಿದ್ದರು. ಒಬ್ಬ ಹುಡುಗಿ ಫೋಟೋಗೆಂದು ನಗುತ್ತ ಅಚ್ಚಿನ ಕೆಳಗೆ ಕೈಯಿಟ್ಟಳು. ಅಪ್ಪ ಅರಚಿಕೊಂಡು ಅವಳ ತೋಳಿಗೆ ಬೀಸಿ ಹೊಡೆದ. ಅವಳು ಮೇಜಿಗೆ ಬಡಿದು ಬಿದ್ದಳು, ತುಟಿ ಒಡೆದು ರಕ್ತ ಬಂತು. ಸ್ಟುಡಿಯೋದ ಇಬ್ಬರು ಅಪ್ಪನ ಕಾಲರ್ ಹಿಡಿದು ಗೋಡೆಗೆ ಒತ್ತಿದರು. ನಾನು ಒಬ್ಬನ ಮುಖ ಪರಚಿದೆ. ನಾಚಿಕೆಯೇನೂ ಆಗಲಿಲ್ಲ.

“ಅಂಕಲ್, ಇದುಲ ಮೋಟಾರೇ ಇಲ್ಲ!” ಹುಡುಗಿ ಅಳುತ್ತ ತಮಿಳಿನಲ್ಲಿ ಕೂಗಿದಳು.

ಅಪ್ಪ ಕೊಸರಿಕೊಂಡು ಹೋಗಿ ಎಡಗಡೆಯ ಬಟನ್ ಹತ್ತಿರ ಬಗ್ಗಿದ. ಅದು ಮೇಲೆ ಬಾರದಂತೆ ಒಂದು ಮರದ ಚಕ್ಕೆ ಸಿಕ್ಕಿಸಿತ್ತು. ಬಲಗೈಯಿಂದ ಅಲುಗಾಡಿಸಿ ಕಿತ್ತು, ಇಸ್ತ್ರಿ ಶರ್ಟಿಗೇ ಒರೆಸಿದ. ಸೆಂಟಿಮೀಟರ್ ಗೆರೆಗಳು, ತುದಿಯಲ್ಲಿ ನನ್ನ ನಕ್ಷತ್ರ.

ಒಂದು ಬಟನ್ನನ್ನು ಹೀಗೆ ಅದುಮಿಟ್ಟರೆ ಒಂದು ಕೈ ಬಿಡುವಾಗುತ್ತದೆ, ಆ ಕೈಯಿಂದ ಅಚ್ಚಿನ ಕೆಳಗೆ ತಗಡು ಬೇಗಬೇಗ ತಳ್ಳಬಹುದು. ಯಂತ್ರ ತಾನಾಗಿ ಇಳಿದಿರಲಿಲ್ಲ.

“ಅಮ್ಮ ನನ್ನ ಹೊಡೀವಾಗ ನಿಂಗೆ ಗೊತ್ತಿತ್ತು!” ಎಂದು ಕಿರುಚಿದೆ.

“ಗೊತ್ತಿತ್ತು ಕಣೇ.” ಎಂದ ಅಪ್ಪ. “ಎಲ್ರೂ ಹಂಗೇ ಮಾಡ್ತಿದ್ವಿ. ಸೂಪರ್‌ವೈಸರ್ ನೋಡ್ಕೊಂಡೇ ಓಡಾಡ್ತಿದ್ದ. ಆದ್ರೆ ನನ್ ಕೈ ಹೋದ್ಮೇಲಾದ್ರೂ ಇದನ್ನ ಕಿತ್ತಾಕಿರ್ತಾರೆ ಅಂದ್ಕೊಂಡಿದ್ದೆ.”

ಹಿಂದಿನ ಸಾಲಿನಿಂದ ಹಳೆಯ ಕೆಲಸಗಾರರೊಬ್ಬರು ಎದ್ದು ಬಂದರು. ಅಪ್ಪನ ಬೆರಳು ಹೋದ ಮಾರನೇ ದಿನ ಇದೇ ಪ್ರೆಸ್ಸಿನ ಮುಂದೆ, ಅದೇ ಸ್ಟೂಲಿನ ಮೇಲೆ ಕೂತವರು ತಾವು ಎಂದರು. ಅಪ್ಪನಿಂದ ಚಕ್ಕೆ ಇಸಿದುಕೊಳ್ಳಲು ಎಡಗೈಯನ್ನು ಜೇಬಿನಿಂದ ತೆಗೆದರು. ಅದರಲ್ಲಿ ಹೆಬ್ಬೆರಳೊಂದೇ ಇತ್ತು.