ಸುಲ್ತಾನನ ಅವ್ವ ಕೊಟ್ಟ ತೀರ್ಪು

ನಮ್ಮ ಬೀದಿಯಲ್ಲಿ ಆ ಧಾರಾವಾಹಿ ನೋಡುತ್ತಿದ್ದ ಹೆಂಗಸರಲ್ಲಿ ತುರ್ಕಿ ದೇಶ ಎಲ್ಲಿದೆ ಎಂದು ಗೊತ್ತಿದ್ದವರು ಒಬ್ಬರೂ ಇರಲಿಲ್ಲ. ಎದುರು ಮನೆಯ ಅಜ್ಜಿಯ ಲೆಕ್ಕದಲ್ಲಿ ಅದು ಬೋಡಿ ಬೆಟ್ಟ ಹತ್ತಿ ಇಳಿದು, ಕೇರಳ ದಾಟಿ, ಸಮುದ್ರದ ಆಚೆ ದಡದಲ್ಲೇ ಇತ್ತು. ನಾನು ಹತ್ತನೆಯ ತರಗತಿ ಓದಿದ್ದೆ. ಹಾಗಾಗಿ ಇನ್ನೂ ದೂರ ಎಂದಷ್ಟೇ ಗೊತ್ತಿತ್ತು, ಆದರೆ ನನ್ನನ್ನು ಯಾರೂ ಕೇಳಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ತಮಿಳುನಾಡಿನ ತೇವಾರಂ ಊರಿನ ನಮ್ಮ ಬೀದಿಗೆ ಕೇಬಲ್ ಬಂದು ಹೆಚ್ಚು ಕಾಲವಾಗಿರಲಿಲ್ಲ. ಭಾನುವಾರ ಸಂಜೆ ಏಳಕ್ಕೆ ತುರ್ಕಿ ಸುಲ್ತಾನನ ಅರಮನೆಯ ಕತೆಯೊಂದು ತಮಿಳು ಮಾತಿನಲ್ಲಿ ಬರುತ್ತಿತ್ತು. ಟಿ.ವಿ. ಇದ್ದದ್ದು ನಮ್ಮ ಮನೆಯಲ್ಲಿ. ಆರೂವರೆಗೇ ಹತ್ತು ಹನ್ನೆರಡು ಜನ ಬಂದು ನಡುಮನೆಯಲ್ಲಿ ಕೂರುತ್ತಿದ್ದರು. ನನ್ನ ಅತ್ತೆ, ಅಂದರೆ ಗಂಡನ ತಾಯಿ, ಕಂಬಕ್ಕೆ ಬೆನ್ನು ಕೊಟ್ಟು ಮಣೆಯ ಮೇಲೆ ಕೂರುತ್ತಿದ್ದರು. ನಾನು ಅಡುಗೆಮನೆಯ ಬಾಗಿಲಲ್ಲಿ.

ಅತ್ತೆ ತೀರಿಕೊಂಡು ಇಪ್ಪತ್ತು ದಿನವಾಯಿತು. ಅವರನ್ನು ನೆನೆಯಲು ಕೂತರೆ ಈ ಸುಲ್ತಾನನೇ ಮೊದಲು ಬಂದು ನಿಲ್ಲುತ್ತಾನೆ. ದುಃಖದ ಮನೆಯಲ್ಲಿ ಇದೇನು ಅಂದುಕೊಂಡೆ. ಆಮೇಲೆ ಬರೆಯುವುದೇ ಸರಿ ಅನ್ನಿಸಿತು. ಈ ಅಚ್ಚಿನ ಕನ್ನಡ ನಾನು ಎಷ್ಟೋ ವರ್ಷಗಳ ನಂತರ ಕಲಿತದ್ದು. ಕನ್ನಡ ನಾಡಿನಿಂದ ಎಂದೋ ಇಲ್ಲಿಗೆ ಬಂದ ನಮ್ಮವರ ಮನೆಮಾತಿನ ಕನ್ನಡವನ್ನು ಅತ್ತೆ ಬಾಯಲ್ಲಿ ಮಾತ್ರ ಇಟ್ಟುಕೊಂಡಿದ್ದರು, ಬರೆದದ್ದು ಅವರು ನೋಡಿಯೇ ಇರಲಿಲ್ಲ.

ನಮ್ಮವರಲ್ಲಿ ಮಾವನ ಮಗಳ ಮೇಲೆ ಹುಡುಗನಿಗೆ, ಹುಡುಗನ ಮೇಲೆ ಆಕೆಗೆ ಒಂದು ಹಕ್ಕು ಇದೆ. ಅದಕ್ಕೆ ಉರಿಮೆ ಅನ್ನುತ್ತಾರೆ. ನನ್ನ ಗಂಡನಿಗೆ ಅಂಥ ಮಾವನ ಮಗಳು ಇದ್ದಳು, ಕಂಬಂ ಹತ್ತಿರದ ಊರಲ್ಲಿ, ಅತ್ತೆಯ ಸ್ವಂತ ಅಣ್ಣನ ಮಗಳು. ಹುಟ್ಟಿದಾಗಿನಿಂದ ಆಕೆಯೇ ಈ ಮನೆಗೆ ಎಂದು ಮಾತಾಗಿತ್ತು. ಹೀಗಿರುವಾಗ ಇವರು ಪಂಪ್‌ಸೆಟ್ ಮನೆಗೆ ಒಂದು ಒಳ್ಳೆಯ ಬೀಗ ಬೇಕೆಂದು, ಬೀಗಕ್ಕೆ ಹೆಸರಾದ ನಮ್ಮೂರು ದಿಂಡಿಗಲ್ಲಿಗೆ ಬಂದರು. ಬೀಗದ ಅಂಗಡಿ ನನ್ನ ತಂದೆಯದು, ಅವರಿಗೆ ಊಟ ಕೊಡಲು ನಾನು ಅಲ್ಲಿಗೆ ಬಂದಿದ್ದೆ. ಆಮೇಲೆ ಇವರ ಪಂಪ್‌ಸೆಟ್ ಮನೆಗೆ ನಾಲ್ಕು ತಿಂಗಳಲ್ಲಿ ಐದು ಬೀಗಗಳಾದವು.

ನಾವೂ ಅದೇ ಜನ, ಅದೇ ಮಾತು. ಆದರೆ ಉರಿಮೆ ಇಲ್ಲ. ಅತ್ತೆ ಮದುವೆಗೆ ಬಂದರು, ಅಕ್ಷತೆ ಹಾಕಿದರು, ಬೈಯಲಿಲ್ಲ. ನನ್ನನ್ನು 'ದಿಂಡಿಗಲ್ಲು' ಎಂದು ಕರೆದರು, ಅಷ್ಟೆ. ಮತ್ತೆ ಹಾಲು ಕರೆಯುವ ಚೊಂಬನ್ನು ಕೊಡಲಿಲ್ಲ.

ಈ ಚೊಂಬಿನ ವಿಷಯ ಹೇಳಬೇಕು. ಅತ್ತೆ ಮದುವೆಯಾಗಿ ಬಂದಾಗ ಅವರ ತವರಿನಿಂದ ಒಂದು ಕೆಂದ ಹಸು ಗಾಡಿಯ ಹಿಂದೆ ನಡೆದುಕೊಂಡು ಬಂದಿತ್ತಂತೆ. ನಮ್ಮ ಕೊಟ್ಟಿಗೆಯಲ್ಲಿದ್ದದ್ದು ಅದರ ಮೊಮ್ಮಗಳು. ಮನೆಗೆ ಬಂದ ಸೊಸೆಗೆ ಮೊದಲ ಶುಕ್ರವಾರ ಹಿತ್ತಾಳೆ ಚೊಂಬು ಕೊಟ್ಟು ಹಸು ಕರೆಸುವುದು ಆ ಮನೆಯ ಪದ್ಧತಿ. ಅಲ್ಲಿಂದಾಚೆಗೆ ಅವಳು ಮನೆಯವಳು. ನಾನು ಬಂದ ಮೇಲೆ ಎರಡು ವರ್ಷದ ಶುಕ್ರವಾರಗಳು ಹೋದವು. ಹುಲ್ಲು ಹಾಕಬಹುದಿತ್ತು, ಸಗಣಿ ಎತ್ತಬಹುದಿತ್ತು, ಹಾಲು ಕಾಯಿಸಬಹುದಿತ್ತು. ಕೆಚ್ಚಲು ಮುಟ್ಟುವಂತಿರಲಿಲ್ಲ. ಮಂಡಿ ನೋವಿನಿಂದ ಅತ್ತೆ ಏಳಲಾಗದ ದಿನ ಎದುರು ಮನೆಯ ಅಜ್ಜಿ ಬಂದು ಕರೆದು ಕೊಡುತ್ತಿದ್ದರು. ನನಗೆ ಕರೆಯಲು ಬರುತ್ತಿತ್ತು, ನಮ್ಮ ಮನೆಯಲ್ಲಿ ಎಮ್ಮೆ ಇತ್ತು. ಬೀದಿಗೆಲ್ಲ ಇದು ಗೊತ್ತಿತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ.

ಸುಲ್ತಾನ ಬಂದ ಮೇಲೆ ಎಲ್ಲರ ಬಾಯಿಯೂ ಬಿಟ್ಟಿತು.

ಆ ಅರಮನೆಯವರ ಹೆಸರುಗಳು ನಮ್ಮವರ ನಾಲಿಗೆಗೆ ಹತ್ತಲಿಲ್ಲ. ಸುಲ್ತಾನನ ತಾಯಿ 'ಅವ್ವ' ಆದಳು. ಮೊದಲ ರಾಣಿ ಅವ್ವನ ಪಕ್ಕದಲ್ಲೇ ದಿಂಬಿಗೆ ಒರಗಿ ಕೂರುತ್ತಿದ್ದಳು. ಅವಳನ್ನು ನೋಡಿದ ಮೊದಲ ವಾರವೇ ಅತ್ತೆ ತೀರ್ಮಾನ ಮಾಡಿಬಿಟ್ಟರು.

"ಇವ್ಳು ಮಾವನ ಮಗಳೇ. ಇಲ್ದೋದ್ರೆ ಇಷ್ಟು ಗತ್ತಾಗಿ ಕೂರ್ತಾಳಾ?"

"ಆ ಊರಲ್ಲಿ ಉರಿಮೆ ಎಲ್ಲ ಉಂಟಾ ಅಕ್ಕ?" ಎಂದು ಯಾರೋ ಕೇಳಿದರು.

"ಯಾಕಿಲ್ದೆ? ಆ ಊರಲ್ಲಿ ಯಾರಿಗೂ ಮಾವ ಇರಲ್ವಾ?"

ಹೀಗೆ ಮೊದಲ ರಾಣಿ ಮಾವನ ಮಗಳಾದಳು. ಮೂರನೆಯ ವಾರ ಹಡಗಿನಲ್ಲಿ ಒಬ್ಬ ದಾಸಿ ಬಂದಿಳಿದಳು. ಸುಲ್ತಾನ ಅವಳನ್ನು ಕಂಡ ಕೂಡಲೆ ಅವನ ಕಣ್ಣು ಅಲ್ಲೇ ನಿಂತುಬಿಟ್ಟಿತು. ನಡುಮನೆಯಲ್ಲಿದ್ದ ಅಷ್ಟೂ ಹೆಂಗಸರು ಒಮ್ಮೆ ಅಡುಗೆಮನೆಯ ಬಾಗಿಲ ಕಡೆ ನೋಡಿ, ಮತ್ತೆ ಟಿ.ವಿ. ಕಡೆ ತಿರುಗಿದರು. ನನ್ನ ಕೈಯಲ್ಲಿ ಹುರಿದ ಕಡಲೆಕಾಯಿಯ ಮೊರವಿತ್ತು. ಎಲ್ಲಿ ಇಡಬೇಕೋ ತಿಳಿಯಲಿಲ್ಲ.

"ನೋಡ್ರೇ, ಹಡಗಲ್ಲಿ ಬಂದವ್ಳು ನೇರ ಒಳಕ್ಕೆ ಬಂದ್ಬಿಟ್ಲು," ಅಂದರು ಅತ್ತೆ. "ಅವಳಿಗೆ ತವರಿಲ್ಲ, ಅಣ್ಣತಮ್ಮ ಇಲ್ಲ. ಅವ್ವ ಏನ್ ಮಾಡ್ತಾಳೆ, ಪಾವಂ! ಗಂಡುಮಗ ಕಣ್ಣು ಮುಚ್ಕಂಡು ಬಿದ್ಬಿಟ್ಟ."

"ಬಸ್ಸಲ್ಲಿ ಬಂದಿದ್ರೆ ಪರವಾಗಿರಲಿಲ್ವಾ?" ಎಂದರು ಎದುರು ಮನೆಯ ಅಜ್ಜಿ, ಎಲೆಗೆ ಸುಣ್ಣ ಹಚ್ಚುತ್ತ. ದಿಂಡಿಗಲ್ಲಿನಿಂದ ನಾನು ಬಂದದ್ದು ಬಸ್ಸಿನಲ್ಲಿ.

"ನೀ ಸುಮ್ಕೆ ಎಲೆ ಆಕ್ಕ," ಅಂದರು ಅತ್ತೆ.

ಅಂದಿನಿಂದ ಬೀದಿ ಎರಡಾಯಿತು. ಸೊಸೆಯಂದಿರೆಲ್ಲ ಹಡಗಿನವಳ ಕಡೆ, ಆದರೆ ಮನಸ್ಸಿನಲ್ಲಿ ಮಾತ್ರ. ಅತ್ತೆಯರೆಲ್ಲ ಮಾವನ ಮಗಳ ಕಡೆ, ಗಟ್ಟಿಯಾಗಿ. ಹಡಗಿನವಳು ಕುಣಿದರೆ ಬೈಗುಳ, ಅತ್ತರೆ ನಟನೆ, ಸುಮ್ಮನಿದ್ದರೆ ಒಳಗೊಳಗೇ ಏನೋ ಹೂಡುತ್ತಿದ್ದಾಳೆ ಎಂಬ ಸಂಶಯ. ನನಗೆ ನಗು ಬರುತ್ತಿತ್ತು, ಕೆಲವು ವಾರ ಅಳುವೂ ಬರುತ್ತಿತ್ತು. ಒಮ್ಮೆ ಗಂಡನ ಹತ್ತಿರ ಹೇಳಿಕೊಂಡೆ. ಅವರು ಬಹಳ ಯೋಚಿಸಿ, "ಕೇಬಲ್ ತೆಗೆಸಿಬಿಡಲಾ?" ಎಂದರು. ಅವರಿಂದ ಅದಕ್ಕಿಂತ ಹೆಚ್ಚಿನದು ನಿರೀಕ್ಷಿಸುವಂತಿರಲಿಲ್ಲ. ಬೇಡ ಎಂದೆ. ಬೈಸಿಕೊಂಡರೂ ನನಗೂ ಮುಂದೇನಾಗುತ್ತದೆ ಎಂದು ನೋಡಬೇಕಿತ್ತು.

ವೈಶಾಖದ ಬಿಸಿಲಿನಲ್ಲಿ ಒಂದು ಪ್ರಕಟಣೆ ಬಂತು. ಮುಂದಿನ ಭಾನುವಾರದಿಂದ ಧಾರಾವಾಹಿ ಏಳಕ್ಕಲ್ಲ, ಸಂಜೆ ಐದಕ್ಕೆ. ಅಂದು ಹಡಗಿನವಳು ಅರಮನೆಯಲ್ಲಿ ಇರಬೇಕೋ ಹೋಗಬೇಕೋ ಎಂದು ಸುಲ್ತಾನನ ತಾಯಿ ತೀರ್ಪು ಕೊಡುವವಳಿದ್ದಳು. ಐದು ಗಂಟೆ ನಮ್ಮ ಹಸು ಕರೆಯುವ ಹೊತ್ತು. ಅತ್ತೆ ವಾರವೆಲ್ಲ ಇದನ್ನೇ ಯೋಚಿಸಿದರು.

ಆ ಭಾನುವಾರ ಮಧ್ಯಾಹ್ನ ಇನ್ನೊಂದು ಸುದ್ದಿಯಾಯಿತು. ಎರಡು ಚೀಲ ಮಾವಿನಹಣ್ಣು ಹಿಡಿದು ನಿಜವಾದ ಮಾವನ ಮಗಳೇ ಬಂದಿಳಿದಳು. ಆಕೆಯನ್ನು ಪೆರಿಯಕುಳಂಗೆ, ಮಾವಿನ ತೋಪಿನವರ ಮನೆಗೆ ಕೊಟ್ಟಿದ್ದರು. ನನ್ನ ಮದುವೆಯ ನಂತರ ಈ ಮನೆಗೆ ಬಂದದ್ದು ಅದೇ ಮೊದಲು. ನಾಲ್ಕೂವರೆಗೆಲ್ಲ ನಮ್ಮ ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಧಾರಾವಾಹಿಯನ್ನು ಒಮ್ಮೆಯೂ ನೋಡದವರೂ ಬಂದಿದ್ದರು.

ಆಕೆ ದಪ್ಪಗೆ, ನಗುನಗುತ್ತ, ನನ್ನ ಪಕ್ಕದಲ್ಲೇ ಅಡುಗೆಮನೆಯಲ್ಲಿ ಕೂತು ಹಣ್ಣು ಕೊಯ್ದಳು. ನಾನು ಭಯದಲ್ಲಿ ತಟ್ಟೆ ಜೋಡಿಸುತ್ತ ಕೂತೆ. ಅವಳೇ ಕೇಳಿದಳು: "ಬಾವ ಈಗ್ಲೂ ಒಂದು ಮಾತಿಗೆ ಅರ್ಧ ಗಂಟೆ ಯೋಚ್ನೆ ಮಾಡ್ತಾರಾ?"

"ಮುಕ್ಕಾಲು ಗಂಟೆ," ಎಂದೆ.

ಅವಳು ನಕ್ಕ ನಗುವಿಗೆ ನಡುಮನೆಯವರೆಲ್ಲ ಕತ್ತು ಉದ್ದ ಮಾಡಿದರು.

ಅತ್ತೆ ನಾಲ್ಕಕ್ಕೇ ಕೊಟ್ಟಿಗೆಗೆ ಹೋಗಿ ಬೇಗ ಕರೆಯಲು ನೋಡಿದ್ದರು. ಹಸು ಸೊರ ಬಿಡಲಿಲ್ಲ, ಹಾಲು ಇಳಿಯಲಿಲ್ಲ. ಅದಕ್ಕೆ ಐದು ಅಂದರೆ ಐದೇ. ಖಾಲಿ ಚೊಂಬು ತಂದು ಗೂಡಿನಲ್ಲಿಟ್ಟು, ಮಣೆಯ ಮೇಲೆ ಕೂತರು. ಧಾರಾವಾಹಿ ಶುರುವಾಯಿತು. ಅವ್ವ ಸಿಂಹಾಸನದಂಥ ಕುರ್ಚಿಯಲ್ಲಿ ಕೂತಿದ್ದಳು. ಒಂದು ಕಡೆ ರಾಣಿ, ಇನ್ನೊಂದು ಕಡೆ ತಲೆತಗ್ಗಿಸಿದ ಹಡಗಿನವಳು.

"ಕಳ್ಸು ಅವಳ್ನ, ಬಂದ ಹಡಗಲ್ಲೇ ಕಳ್ಸು," ಎಂದರು ಒಬ್ಬರು.

ಪೆರಿಯಕುಳಂನವಳು ಹಣ್ಣಿನ ತಟ್ಟೆ ಹಿಡಿದು ಒಳಗೆ ಬಂದವಳು ನಿಂತಲ್ಲೇ ಹೇಳಿದಳು. "ಯಾಕೆ ಕಳ್ಸಬೇಕು? ಅವಳಾಗಿ ಬಂದ್ಲಾ? ಅವ ಕರ್ಕಂಡು ಬಂದ. ಅತ್ತೆ, ಆ ರಾಣಿ ಮೂತಿ ನೋಡು. ಅವಳಿಗೇ ಬೇಡ ಈ ಸುಲ್ತಾನ. ಮೂಗಿನ ಮೇಲೆ ಕೋಪ, ಬಾಯಲ್ಲಿ ಮಾತಿಲ್ಲ. ನಾನಾಗಿದ್ರೆ ಹಡಗಿನವಳ ಕಾಲಿಗೆ ಬಿದ್ದು, ನೀನೇ ಇಟ್ಕ ತಾಯಿ, ಅಂತ ಮಾವಿನ ತೋಪಿಗೆ ಓಡೋಗ್ತಿದ್ದೆ."

ಎದುರು ಮನೆಯ ಅಜ್ಜಿ ಎಲೆಯಡಿಕೆ ನೆತ್ತಿಗೇರಿ ಕೆಮ್ಮಿದರು, ಕೆಮ್ಮಿನೊಳಗೆ ನಗು ಬಂತು, ಅದು ಒಬ್ಬರಿಂದೊಬ್ಬರಿಗೆ ಹತ್ತಿತು. ಅತ್ತೆ ಮಾತ್ರ ನಗಲಿಲ್ಲ. ಅಣ್ಣನ ಮಗಳ ಮುಖವನ್ನು ಬಹಳ ಹೊತ್ತು ನೋಡಿದರು. ಅವಳಿಗೆ ಅನ್ಯಾಯವಾಯಿತೆಂದು ಎರಡು ವರ್ಷ ಹೊತ್ತುಕೊಂಡಿದ್ದ ಭಾರವನ್ನು ಎಲ್ಲಿ ಇಳಿಸಬೇಕೋ ತಿಳಿಯದವರ ಹಾಗೆ.

ಅಷ್ಟರಲ್ಲಿ ಐದೂಕಾಲು. ಹಿತ್ತಿಲಿನಿಂದ ಹಸು ಕೂಗಿತು. ಟಿ.ವಿ.ಯಲ್ಲಿ ಸುಲ್ತಾನನ ಅವ್ವ ಮಾತಾಡಲು ಬಾಯಿ ತೆರೆದಳು. ಹಸು ಮತ್ತೆ ಕೂಗಿತು.

"ನೀ ನೋಡತ್ತೆ, ನಾನು ಕರೀತೀನಿ," ಎಂದು ಪೆರಿಯಕುಳಂನವಳು ಸೆರಗು ಸಿಕ್ಕಿಸಿದಳು. "ನಮ್ಮ ಮನೆ ಹಸು ತಾನೆ."

ಅತ್ತೆ ಟಿ.ವಿ.ಯಿಂದ ಕಣ್ಣು ತೆಗೆಯಲಿಲ್ಲ.

"ನೀ ಕೂತ್ಕ. ವಿರುಂದಿಗೆ, ಊಟಕ್ಕೆ ಬಂದವ್ಳು. ಮನೆಯವ್ಳು ಇರುವಾಗ ನೀ ಯಾಕೆ?" ಎಂದರು. ಮತ್ತೆ ಅಡುಗೆಮನೆಯ ಕಡೆಗೆ, "ಏ ದಿಂಡಿಗಲ್ಲು! ಕೈ ತೊಳ್ಕ. ಚೊಂಬು ಎತ್ಕ."

ಎದುರು ಮನೆಯ ಅಜ್ಜಿ ಎದ್ದು ನಿಂತು ಸೀರೆ ಕೊಡವಿದರು. "ತೀರ್ಪಾಯ್ತು. ಇನ್ನು ಟಿ.ವಿ. ಆರ್ಸಿದ್ರೂ ಆರ್ಸ್ರಿ."

ಕೊಟ್ಟಿಗೆಯ ಮೊಳೆಗೆ ಅತ್ತೆಯ ಹಳೆಯ ಸೀರೆಯ ತುಂಡೊಂದು ತೂಗುತ್ತಿತ್ತು. ಕರೆಯುವಾಗ ಅವರು ಹೆಗಲಿಗೆ ಹಾಕಿಕೊಳ್ಳುತ್ತಿದ್ದದ್ದು. ನಾನೂ ಹಾಕಿಕೊಂಡೆ. ಹಸು ಮೂಸಿ ನೋಡಿತು. ಎರಡು ವರ್ಷ ಹುಲ್ಲು ಹಾಕಿದ ಕೈ ಎಂದೋ, ಸೀರೆಯ ವಾಸನೆಯೋ, ಒಂದು ಸಲ ಕಾಲು ಎತ್ತಿಟ್ಟು ಸುಮ್ಮನಾಯಿತು. ಕರು ಬಿಟ್ಟು ಕಟ್ಟಿದೆ. ಮೊದಲ ಧಾರೆ ಚೊಂಬಿನ ತಳಕ್ಕೆ ಬಿದ್ದ ಸದ್ದು ನಡುಮನೆಯವರೆಗೆ ಕೇಳಿಸಿತು ಎಂದು ಆಮೇಲೆ ಹೇಳಿದರು.

ನಾನು ಒಳಗೆ ಬರುವಾಗ ಧಾರಾವಾಹಿ ಮುಗಿದು ಜನ ಹೊರಟಿದ್ದರು. ಅತ್ತೆ ಚೊಂಬಿನೊಳಗೆ ಇಣುಕಿದರು.

"ಮುಕ್ಕಾಲು," ಎಂದರು. "ನಾಳೆ ತುಂಬ ಕೊಡ್ತಾಳೆ."

"ಏನು ತೀರ್ಪು ಕೊಟ್ರು ಅತ್ತೆ?" ಎಂದು ಕೇಳಿದೆ. ನಿಜಕ್ಕೂ ನನಗೆ ತಿಳಿಯಬೇಕಿತ್ತು.

ಅತ್ತೆ ಹಾಲು ಸೋಸುವ ಬಟ್ಟೆ ಹುಡುಕುತ್ತ, ನನ್ನ ಕಡೆ ನೋಡದೆ ಹೇಳಿದರು. "ಇರ್ಲಿ ಅಂದ್ಲು. ಸೊಂಟದ ಬೀಗದ ಕೈ ಬಿಚ್ಚಿ ಅವಳ ಕೈಗಿಟ್ಲು. ಇಷ್ಟು ದಿನ ಹೊರಗೇ ನಿಲ್ಸಿದೆ, ತಪ್ಪಾಯ್ತು ಅಂದ್ಲು."

"ಸುಲ್ತಾನನ ಅವ್ವ ತಪ್ಪಾಯ್ತು ಅಂದ್ಲಾ?"

"ಅಂದ್ಲು. ಮೆಲ್ಲಗೆ ಅಂದ್ಲು. ಬೇರೆ ಯಾರಿಗೂ ಕೇಳ್ಸಲಿಲ್ಲ."

ಆಮೇಲೆ ಧಾರಾವಾಹಿ ಮುಗಿಯುವ ತನಕ ಐದು ಗಂಟೆಗೇ ಬಂತು. ಹಾಗಾಗಿ ಉಳಿದ ಕತೆಯನ್ನು ನಾನು ನೋಡಲೇ ಇಲ್ಲ. ಪ್ರತಿ ಭಾನುವಾರ ಹಾಲು ಸೋಸುವಾಗ ಅತ್ತೆ ಹೇಳುತ್ತಿದ್ದರು. ಅವರ ಬಾಯಲ್ಲಿ ಹಡಗಿನವಳು ಬರಬರುತ್ತ ಒಳ್ಳೆಯವಳಾದಳು, ಅಡುಗೆಯನ್ನೂ ಕಲಿತಳು. ದಿಂಡಿಗಲ್ಲು ಎಂದು ಕರೆಯುವುದನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿಕೊಂಡೇ, "ದಿಂಡಿಗಲ್ಲು ಎಲ್ಲಿ?" ಎಂದು ಕೇಳಿದ್ದರು. ಊರಿನ ಹೆಸರು ಹಾಗೆ ಕಿವಿಗೆ ಇಂಪಾಗುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ.

ಹದಿನಾರನೆಯ ದಿನದ ಕರ್ಮ ಮುಗಿದರೂ ಪೆರಿಯಕುಳಂನವಳು ನನ್ನ ಜೊತೆ ಉಳಿದಿದ್ದಾಳೆ. ಅವಳ ತಲೆಯೂ ನೆರೆತಿದೆ. ನಿನ್ನೆ ಸಂಜೆ ಜಗುಲಿಯಲ್ಲಿ ಕೂತು ಆ ಭಾನುವಾರವನ್ನು ನೆನೆದೆವು. ಬೀಗದ ಕೈಯ ಮಾತು, ತಪ್ಪಾಯ್ತು ಎಂದ ಮಾತು ನಾನು ಹೇಳಿದೆ. ಅವಳು ನನ್ನನ್ನೇ ನೋಡಿದಳು.

"ಯಾವ ಬೀಗದ ಕೈ? ಅಲ್ಲಿ ತೀರ್ಪೇ ಆಗ್ಲಿಲ್ಲ. ಸುಲ್ತಾನ ನುಗ್ಗಿ ಬಂದ, ಹಡಗಿನವಳ ಕೈ ಹಿಡ್ಕಂಡು ಕರ್ಕಂಡೋದ. ಅವ್ವ ಮುಖ ತಿರುಗ್ಸಿಕಂಡು ಎದ್ದೋದ್ಲು. ಒಂದು ಮಾತೂ ಆಡ್ಲಿಲ್ಲ."

"ಬೇರೆ ಯಾರಿಗೂ ಕೇಳ್ಸಲಿಲ್ಲ ಅಂದಿದ್ರು ಅತ್ತೆ," ಎಂದೆ. ಅಷ್ಟಕ್ಕೆ ಅವಳಿಗೂ ತಿಳಿಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು, "ಕಳ್ಳಿ ನಮ್ಮತ್ತೆ," ಎಂದಳು.

ಆಗ ಹಿತ್ತಿಲಲ್ಲಿ ಹಸು ಕೂಗಿತು. ಅದೇ ಕೆಂದ ಹಸುವಿನ ಎಷ್ಟನೆಯ ಮೊಮ್ಮಗಳೋ, ಅದಕ್ಕೂ ಐದು ಅಂದರೆ ಐದೇ.

"ನೀ ದಣಿದಿದ್ದೀಯ, ನಾನು ಕರೀಲಾ?" ಎಂದು ಅವಳು ಏಳಲು ಹೋದಳು.

"ನೀ ಕೂತ್ಕ," ಎಂದೆ. "ವಿರುಂದಿಗೆ ಬಂದವ್ಳು."

ಗೂಡಿನಿಂದ ಚೊಂಬು ತೆಗೆದುಕೊಂಡು ಕೊಟ್ಟಿಗೆಗೆ ನಡೆದೆ. ಅವಳ ನಗು ಹಿತ್ತಿಲ ಬಾಗಿಲಿನವರೆಗೂ ಕೇಳಿಸುತ್ತಿತ್ತು.